ಕೊಳ್ಳುವವರ ಹೊಣೆ

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ಇಂದಿನ ಗೋಷ್ಠಿಗೆ ಕೊಟ್ಟಿರುವ ವಿಷಯ ‘ಕಾಯಕ ಮತ್ತು ಮಾರುಕಟ್ಟೆ’. ದುಡಿಯುವವರ ಕಡೆಯಿಂದ ಈ ವಿಷಯದ ಮೇಲೆ ಬಹಳ ಜನ ಮಾತನಾಡಿದ್ದಾರೆ. ನಾನು ಕೊಳ್ಳುವವರ ಕಡೆಯಿಂದ ನಾಲ್ಕು ಮಾತು ಹೇಳುತ್ತೇನೆ. ಮೂವತ್ತಕ್ಕೂ ಹೆಚ್ಚು ವರ್ಷ ಸರ್ಕಾರಿ ಎಂಜಿನಿಯರಾಗಿ ನಾನು ಮಾಡಿದ್ದು ಅದನ್ನೇ. ಅಂದಾಜುಪಟ್ಟಿ ತಯಾರಿಸುವುದು, ಟೆಂಡರ್ ಕರೆಯುವುದು, ಕೆಲಸ ಅಳೆಯುವುದು, ಬಿಲ್ಲು ಪಾಸು ಮಾಡುವುದು. ಇದೆಲ್ಲ ಸರ್ಕಾರದ ಪರವಾಗಿ ಕೊಳ್ಳುವ ಕೆಲಸವೇ. ಕಾಯಕ ಮಾಡುವ ಮನಸ್ಸು, ಕೈಚಳಕ ಎರಡೂ ಇದ್ದವನಿಗೂ ಕೊಳ್ಳುವವನು ಬಾಗಿಲು ತೆರೆಯದಿದ್ದರೆ ಕಾಯಕ ಸಿಗುವುದಿಲ್ಲ. ಆ ಬಾಗಿಲಿನ ಮಾತೇ ಇವತ್ತಿನ ನನ್ನ ಮಾತು.

ಇದಕ್ಕೆ ನಾನು ಆರಿಸಿಕೊಂಡಿರುವ ಉದಾಹರಣೆ ಅಮೆರಿಕದ್ದು. ಅಲ್ಲಿನ ದೊಡ್ಡ ಕಂಪನಿಗಳು ‘ಅಲ್ಪಸಂಖ್ಯಾತ’ ಮಾಲೀಕರ ಸಣ್ಣ ಉದ್ದಿಮೆಗಳಿಂದ ಸರಕು ಕೊಳ್ಳುವ ವ್ಯವಸ್ಥೆಯೊಂದನ್ನು ಅರ್ಧ ಶತಮಾನದಿಂದ ನಡೆಸಿಕೊಂಡು ಬಂದಿವೆ. ಅಲ್ಪಸಂಖ್ಯಾತ ಎಂದೊಡನೆ ನಮ್ಮಲ್ಲಿ ಧರ್ಮ ನೆನಪಾಗುತ್ತದೆ. ಅಲ್ಲಿ ಹಾಗಲ್ಲ. ಕಪ್ಪು ಜನ, ಸ್ಪ್ಯಾನಿಷ್ ಮೂಲದವರು, ಏಷ್ಯಾ ಮೂಲದವರು, ಆ ನೆಲದ ಮೂಲನಿವಾಸಿಗಳು, ಹೀಗೆ ಜನಾಂಗದ ಕಾರಣಕ್ಕೆ ಹಿಂದೆ ಉಳಿದವರಿಗೆ ಆ ಹೆಸರು. ಆದ್ದರಿಂದ ಅಲ್ಲಿಯ ಕಥೆಯನ್ನು ಕೇಳುವಾಗ ನಮ್ಮ ದಲಿತ, ಹಿಂದುಳಿದ ಸಮುದಾಯಗಳ ಉದ್ಯಮಿಗಳನ್ನು ಮನಸ್ಸಿನಲ್ಲಿಟ್ಟುಕೊಂಡರೆ ವಿಷಯ ಸರಿಯಾಗಿ ಅರ್ಥವಾಗುತ್ತದೆ.

ಬೀಗ ಎಲ್ಲಿರುತ್ತದೆ?

ಯಾವ ಟೆಂಡರಿನಲ್ಲೂ ‘ಇಂಥ ಜಾತಿಯವರು ಬರಬಾರದು’ ಎಂದು ಬರೆದಿರುವುದಿಲ್ಲ. ಬೀಗ ಇರುವುದು ಅರ್ಹತಾ ಷರತ್ತುಗಳಲ್ಲಿ. ಕಳೆದ ಐದು ವರ್ಷಗಳಲ್ಲಿ ಇಷ್ಟು ಕೋಟಿ ವಹಿವಾಟು ಇರಬೇಕು. ಇದೇ ಬಗೆಯ ಕೆಲಸ ಮಾಡಿದ ಅನುಭವ ಇರಬೇಕು. ಬ್ಯಾಂಕಿನ ಸಾಲ್ವೆನ್ಸಿ ಪತ್ರ ಬೇಕು. ಇ.ಎಂ.ಡಿ. ಕಟ್ಟಬೇಕು. ಒಂದೊಂದು ಷರತ್ತಿಗೂ ನ್ಯಾಯವಾದ ಕಾರಣವಿದೆ, ನಾನೇ ಅವನ್ನು ಎಷ್ಟೋ ಸಲ ಬರೆದಿದ್ದೇನೆ. ಆದರೆ ಎಲ್ಲವೂ ಒಟ್ಟಾಗಿ ಸೇರಿದಾಗ ಅವು ಹೇಳುವುದು ಒಂದೇ ಮಾತು: ಹಿಂದೆ ಕೆಲಸ ಸಿಕ್ಕವನಿಗೆ ಮಾತ್ರ ಮುಂದೆಯೂ ಕೆಲಸ. ಅನುಭವವಿಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ಅನುಭವವಿಲ್ಲ. ಅಜ್ಜನ ಕಾಲದಿಂದ ಜಮೀನು, ಅಂಗಡಿ, ಬ್ಯಾಂಕಿನ ಪರಿಚಯ ಇದ್ದವನು ಈ ಸುತ್ತಿನ ಒಳಗೆ ಹುಟ್ಟುತ್ತಾನೆ. ಅವೆಲ್ಲ ಇಲ್ಲದವನು ಹೊರಗೇ ಹುಟ್ಟಿ ಹೊರಗೇ ಉಳಿಯುತ್ತಾನೆ.

ಇನ್ನೊಂದು ಬೀಗ ಪ್ಯಾಕೇಜ್ ಟೆಂಡರ್. ಹತ್ತು ಸಣ್ಣ ಮೋರಿ, ಐದು ಕಿಲೋಮೀಟರ್ ರಸ್ತೆ, ಎರಡು ಕಟ್ಟಡ, ಎಲ್ಲವನ್ನೂ ಒಂದೇ ಗಂಟು ಕಟ್ಟಿ ಕರೆದರೆ ಕಚೇರಿಗೆ ಕಾಗದದ ಕೆಲಸ ಕಡಿಮೆಯಾಗುತ್ತದೆ. ಆದರೆ ಒಂದು ಮೋರಿಯನ್ನು ಚೆನ್ನಾಗಿ ಕಟ್ಟಬಲ್ಲವನು ಆ ಗಂಟನ್ನು ಎತ್ತಲಾರ. ಕೊನೆಗೆ ದೊಡ್ಡ ಗುತ್ತಿಗೆದಾರನ ಕೈಕೆಳಗೆ ಅವನೇ ಆ ಮೋರಿಯನ್ನು ಪೀಸ್ ವರ್ಕ್ ಮೇಲೆ ಕಟ್ಟುತ್ತಾನೆ. ಕೆಲಸ ಅವನದು, ಅನುಭವದ ಪ್ರಮಾಣಪತ್ರ ಇನ್ನೊಬ್ಬನದು. ಮುಂದಿನ ಟೆಂಡರಿನಲ್ಲೂ ಅವನು ‘ಅನುಭವವಿಲ್ಲದವನು’. ಕಾಲುವೆ, ರಸ್ತೆ ಕೆಲಸಗಳಲ್ಲಿ ಇದನ್ನು ನಾನು ಎಷ್ಟು ಸಲ ಕಂಡಿದ್ದೇನೋ ಲೆಕ್ಕವಿಲ್ಲ.

ಅಮೆರಿಕದ ಕಪ್ಪು ಉದ್ಯಮಿಗಳೂ ಇಂಥದೇ ಬಾಗಿಲ ಮುಂದೆ ನಿಂತಿದ್ದರು.

ಡೆಟ್ರಾಯಿಟ್‌ನಿಂದ ಅಟ್ಲಾಂಟಾಗೆ

1967ರ ಜುಲೈನಲ್ಲಿ ಮೋಟಾರು ಉದ್ಯಮದ ತವರೂರಾದ ಡೆಟ್ರಾಯಿಟ್ ಹೊತ್ತಿ ಉರಿಯಿತು. ಪೊಲೀಸರ ಒಂದು ದಾಳಿಯಿಂದ ಶುರುವಾದ ಗಲಭೆಯಲ್ಲಿ 43 ಜನ ಸತ್ತರು. ಕಾರಿನ ಕಾರ್ಖಾನೆಗಳಲ್ಲಿ ಕಪ್ಪು ಕಾರ್ಮಿಕರು ಸಾವಿರಾರು ಜನ ಇದ್ದರು. ಆದರೆ ಆ ಕಾರ್ಖಾನೆಗಳಿಗೆ ಬಿಡಿಭಾಗ ಒದಗಿಸುವ ಮಾಲೀಕರಲ್ಲಿ ಕಪ್ಪು ಜನರು ಇಲ್ಲವೆನ್ನುವಷ್ಟು ಕಡಿಮೆ. ಒಂದು ಕಾರಿಗೆ ಸಾವಿರಾರು ಬಿಡಿಭಾಗಗಳು ಬೇಕು, ಅವುಗಳಲ್ಲಿ ಬಹುಪಾಲನ್ನು ಕಂಪನಿ ಹೊರಗಿನಿಂದ ಕೊಳ್ಳುತ್ತದೆ. ಆ ಖರೀದಿಯ ಹಣ ಯಾವ ಬೀದಿಗೆ ಹೋಗುತ್ತದೋ ಆ ಬೀದಿ ಬೆಳೆಯುತ್ತದೆ. ಮರುವರ್ಷ 1968ರಲ್ಲಿ ಜನರಲ್ ಮೋಟಾರ್ಸ್ ಅಲ್ಪಸಂಖ್ಯಾತ ಸರಬರಾಜುದಾರರನ್ನು ಹುಡುಕಿ ಬೆಳೆಸುವ ಕಾರ್ಯಕ್ರಮ ಆರಂಭಿಸಿತು. 1969ರಲ್ಲಿ ಅಧ್ಯಕ್ಷ ನಿಕ್ಸನ್ ಇದಕ್ಕಾಗಿಯೇ ವಾಣಿಜ್ಯ ಇಲಾಖೆಯಲ್ಲಿ ಒಂದು ಕಚೇರಿ ತೆರೆದರು. 1972ರಲ್ಲಿ ದೊಡ್ಡ ಕಂಪನಿಗಳನ್ನೂ ಅಲ್ಪಸಂಖ್ಯಾತ ಉದ್ದಿಮೆಗಳನ್ನೂ ಪರಿಚಯ ಮಾಡಿಸುವ ರಾಷ್ಟ್ರಮಟ್ಟದ ಪರಿಷತ್ತು ಹುಟ್ಟಿತು. 1978ರ ಕಾನೂನು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸರ್ಕಾರದಿಂದ ದೊಡ್ಡ ಗುತ್ತಿಗೆ ಪಡೆಯುವ ಕಂಪನಿ, ಅದರಲ್ಲಿ ಎಷ್ಟು ಪಾಲು ಉಪಗುತ್ತಿಗೆಯನ್ನು ಸಣ್ಣ ಉದ್ದಿಮೆಗಳಿಗೆ ಮತ್ತು ಹಿಂದುಳಿದ ಸಮುದಾಯಗಳವರ ಉದ್ದಿಮೆಗಳಿಗೆ ಕೊಡುತ್ತೇನೆಂಬ ಯೋಜನೆಯನ್ನು ಮೊದಲೇ ಬರೆದುಕೊಡಬೇಕಾಯಿತು.

ಇವೆಲ್ಲಕ್ಕಿಂತ ನನ್ನಂಥ ಎಂಜಿನಿಯರನಿಗೆ ಹೆಚ್ಚು ಹಿಡಿಸುವುದು ಅಟ್ಲಾಂಟಾ ವಿಮಾನ ನಿಲ್ದಾಣದ ಕಥೆ. ಅಟ್ಲಾಂಟಾ ಜಾರ್ಜಿಯಾ ರಾಜ್ಯದ ರಾಜಧಾನಿ. 1970ರ ಹೊತ್ತಿಗೆ ಅಲ್ಲಿಯ ಜನಸಂಖ್ಯೆಯಲ್ಲಿ ಅರ್ಧಕ್ಕಿಂತ ಹೆಚ್ಚು ಕಪ್ಪು ಜನ. ಆದರೆ ನಗರಾಡಳಿತದ ಗುತ್ತಿಗೆಗಳಲ್ಲಿ ಅವರ ಪಾಲು ನೂರಕ್ಕೆ ಒಂದೂ ಇರಲಿಲ್ಲ. 1973ರಲ್ಲಿ ಆಯ್ಕೆಯಾಗಿ ಮರುವರ್ಷ ಅಧಿಕಾರ ವಹಿಸಿಕೊಂಡ ಮೇನಾರ್ಡ್ ಜಾಕ್ಸನ್ ಆ ನಗರದ ಮೊದಲ ಕಪ್ಪು ಮೇಯರ್. ಆಗ ನಗರದ ಮುಂದೆ ಇದ್ದ ಅತಿ ದೊಡ್ಡ ಕಾಮಗಾರಿ ವಿಮಾನ ನಿಲ್ದಾಣದ ಹೊಸ ಟರ್ಮಿನಲ್, ಸುಮಾರು 50 ಕೋಟಿ ಡಾಲರಿನದು. ಇದರಲ್ಲಿ ನೂರಕ್ಕೆ 25 ಪಾಲು ಅಲ್ಪಸಂಖ್ಯಾತ ಉದ್ದಿಮೆಗಳಿಗೆ ಸಿಗಬೇಕು ಎಂದರು ಜಾಕ್ಸನ್.

ಊರಿನ ದೊಡ್ಡ ವ್ಯಾಪಾರಿಗಳು ಸಿಟ್ಟಾದರು. ಪತ್ರಿಕೆಗಳು ಟೀಕಿಸಿದವು. ಕೆಲಸ ತಡವಾಗುತ್ತದೆ, ಖರ್ಚು ಹೆಚ್ಚುತ್ತದೆ, ಗುಣಮಟ್ಟ ಕೆಡುತ್ತದೆ ಎಂಬ ಮಾತು ಎಲ್ಲ ಕಡೆ ಕೇಳಿಬಂತು. ಪಾಲು ಕೊಡದಿದ್ದರೆ ರನ್‌ವೇ ಮೇಲೆ ಕಳೆ ಬೆಳೆದರೂ ಚಿಂತೆಯಿಲ್ಲ, ಕೆಲಸ ಶುರುವಾಗುವುದಿಲ್ಲ ಎಂಬ ನಿಲುವಿಗೆ ಜಾಕ್ಸನ್ ಅಂಟಿಕೊಂಡರು. ಅವರು ಮುಂದಿಟ್ಟ ದಾರಿ ಜಂಟಿ ಪಾಲುದಾರಿಕೆ. ದೊಡ್ಡ ಕಂಪನಿ ಒಬ್ಬನೇ ಬರಬಾರದು, ಒಂದು ಸಣ್ಣ ಕಂಪನಿಯ ಜೊತೆ ಸೇರಿ ಬರಬೇಕು. ಬಂಡವಾಳ, ಯಂತ್ರ, ಬ್ಯಾಂಕ್ ಗ್ಯಾರಂಟಿ ದೊಡ್ಡವನಲ್ಲಿ ಇರುತ್ತದೆ. ಸಣ್ಣವನು ಕೆಲಸದಲ್ಲೂ ಪಾಲು ಪಡೆಯುತ್ತಾನೆ, ಲಾಭದಲ್ಲೂ ಪಡೆಯುತ್ತಾನೆ, ಎಲ್ಲಕ್ಕಿಂತ ಮುಖ್ಯವಾಗಿ ಅನುಭವದ ದಾಖಲೆಯಲ್ಲೂ ಪಡೆಯುತ್ತಾನೆ. ನಾನು ಆಗ ಹೇಳಿದ ಬೀಗಕ್ಕೆ ಇದೇ ಕೀಲಿಕೈ.

1980ರ ಸೆಪ್ಟೆಂಬರಿನಲ್ಲಿ ಟರ್ಮಿನಲ್ ತೆರೆಯಿತು. ಇಂದು ಪ್ರಯಾಣಿಕರ ಸಂಖ್ಯೆಯಲ್ಲಿ ಜಗತ್ತಿನ ಅತಿ ದಟ್ಟಣೆಯ ನಿಲ್ದಾಣವೆಂಬ ಹೆಸರು ಹೆಚ್ಚುಕಡಿಮೆ ಪ್ರತಿವರ್ಷ ಅದಕ್ಕೇ ಸಲ್ಲುತ್ತದೆ. 2003ರಲ್ಲಿ ಅದರ ಹೆಸರಿಗೆ ಜಾಕ್ಸನ್ ಅವರ ಹೆಸರೂ ಸೇರಿತು. ಆ ಕಾಲದಲ್ಲಿ ಬೆಳೆದವರಲ್ಲಿ ಹರ್ಮನ್ ರಸೆಲ್ ಒಬ್ಬರು. ಅವರ ತಂದೆ ಗೋಡೆಗೆ ಗಿಲಾವು ಮಾಡುತ್ತಿದ್ದ ಮೇಸ್ತ್ರಿ. ಮಗ ಅದೇ ಕಸುಬಿನಿಂದ ಆರಂಭಿಸಿ ದೇಶದ ದೊಡ್ಡ ಕಪ್ಪು ಒಡೆತನದ ಕಟ್ಟಡ ಕಂಪನಿಗಳಲ್ಲಿ ಒಂದನ್ನು ಕಟ್ಟಿದರು. 2017ರಲ್ಲಿ ತೆರೆದ ಅಟ್ಲಾಂಟಾದ ಭಾರೀ ಕ್ರೀಡಾಂಗಣವನ್ನು ಕಟ್ಟಿದ ಜಂಟಿ ಕೂಟದಲ್ಲೂ ಆ ಕಂಪನಿ ಇತ್ತು. ಮೇಯರ್ ಬದಲಾದರು, ಮಾಲೀಕರೂ ತೀರಿಕೊಂಡರು, ಆದರೂ ದೊಡ್ಡ ಕಂಪನಿಗಳು ಆ ಕಂಪನಿಯ ಜೊತೆ ಸೇರಿ ಕೆಲಸ ಮಾಡಿದವು.

ಶೇಕಡಾವಾರು ಅಲ್ಲ, ಸಂಬಂಧ

ಬಂಧುಗಳೇ, ನಾನು ಹೇಳಬೇಕೆಂದಿರುವುದು ಇಷ್ಟೇ. ಶೇಕಡಾ ಇಷ್ಟು ಎಂಬ ಆದೇಶ ಬಾಗಿಲು ತೆರೆಸಬಹುದು. ಒಳಗೆ ಬಂದವನು ಉಳಿಯುವುದು, ಬೆಳೆಯುವುದು ಕೊಳ್ಳುವವನು ಅವನ ಜೊತೆ ಕಟ್ಟುವ ಸಂಬಂಧದಿಂದ. ಅಮೆರಿಕದ ಒಳ್ಳೆಯ ಕಂಪನಿಗಳು ಈ ಸಂಬಂಧವನ್ನು ಕಟ್ಟಿದ್ದು ಬಹಳ ಸಾಮಾನ್ಯವಾದ ಕೆಲಸಗಳಿಂದ.

ಒಂದು, ಯಾರು ನಿಜವಾದ ಮಾಲೀಕ ಎಂದು ಖಾತ್ರಿ ಮಾಡಿಕೊಳ್ಳುವುದು. ಒಡೆತನದಲ್ಲಿ ಕನಿಷ್ಠ 51 ಪಾಲು ಆ ಸಮುದಾಯದವರದ್ದಾಗಿರಬೇಕು. ಅಷ್ಟೇ ಸಾಲದು, ದಿನನಿತ್ಯ ಉದ್ದಿಮೆ ನಡೆಸುವವರೂ ಅವರೇ ಆಗಿರಬೇಕು. ಪ್ರಮಾಣಪತ್ರ ಕೊಡುವವರು ಕಾರ್ಖಾನೆಗೇ ಹೋಗಿ ನೋಡುತ್ತಾರೆ, ಚೆಕ್ಕಿಗೆ ಸಹಿ ಮಾಡುವವರು ಯಾರು ಎಂದೂ ವಿಚಾರಿಸುತ್ತಾರೆ. ಯಾಕೆಂದರೆ ಹೆಸರು ಒಬ್ಬರದು, ಹಣ ಇನ್ನೊಬ್ಬರದು ಎಂಬ ಬೇನಾಮಿ ರೋಗ ಅಲ್ಲೂ ಹಬ್ಬಿತ್ತು. ಮುಂದೆ ಒಬ್ಬ ಕಪ್ಪು ಮನುಷ್ಯನನ್ನು ಕೂರಿಸಿ ಹಿಂದೆ ಹಳೆಯ ಗುತ್ತಿಗೆದಾರನೇ ಲಾಭ ತಿನ್ನುವ ಪ್ರಕರಣಗಳು ಸಾಕಷ್ಟು ಬಯಲಾದವು. ನಮ್ಮಲ್ಲಿ ಇದರ ಬಗ್ಗೆ ನಾನು ವಿವರಿಸಬೇಕಾಗಿಲ್ಲ. ತಾವು ನಗುತ್ತಿರುವುದರಲ್ಲೇ ಉತ್ತರವಿದೆ.

ಎರಡು, ದೊಡ್ಡ ಗಂಟನ್ನು ಬಿಡಿಸಿ ಸಣ್ಣ ಸಣ್ಣ ಭಾಗ ಮಾಡುವುದು. ಮೂರು, ಮುಂದಿನ ವರ್ಷ ಏನು ಕೊಳ್ಳುತ್ತೇವೆ, ಎಷ್ಟು ಬೇಕು, ನಕ್ಷೆ ಹೇಗಿದೆ ಎಂಬುದನ್ನು ಮೊದಲೇ ತಿಳಿಸುವುದು. ಹದಿನೈದು ದಿನದ ಟೆಂಡರ್ ನೋಟೀಸಿನಲ್ಲಿ ಹೊಸಬ ಯಂತ್ರ ಕೊಳ್ಳಲು ಆಗುವುದಿಲ್ಲ. ವರ್ಷ ಮೊದಲು ತಿಳಿದರೆ ಬ್ಯಾಂಕಿಗೆ ಹೋಗಿ ಸಾಲ ಕೇಳಬಹುದು. ನಾಲ್ಕು, ತಿರಸ್ಕರಿಸಿದರೆ ಕಾರಣ ಹೇಳುವುದು. ಯಾಕೆ ಸೋತೆ ಎಂದು ತಿಳಿಯದವನು ಮುಂದಿನ ಸಲವೂ ಅಲ್ಲೇ ಸೋಲುತ್ತಾನೆ. ಐದು, ತನಗೆ ಸರಕು ಕೊಡುವ ದೊಡ್ಡ ಸರಬರಾಜುದಾರನಿಗೂ ಇದೇ ನಿಯಮ ಹಾಕುವುದು. ಮೋಟಾರು ಕಂಪನಿಗಳು ತಮ್ಮ ಮೊದಲ ಸಾಲಿನ ಸರಬರಾಜುದಾರರಿಗೆ, ‘ನೀವೂ ನಿಮ್ಮ ಖರೀದಿಯಲ್ಲಿ ಇಂಥವರಿಗೆ ಪಾಲು ಕೊಟ್ಟು ನಮಗೆ ಲೆಕ್ಕ ಒಪ್ಪಿಸಿ’ ಎಂದವು. ಹೀಗೆ ನೀರು ಮೇಲಿನ ಕಾಲುವೆಯಲ್ಲೇ ನಿಲ್ಲದೆ ಹೊಲಗಾಲುವೆಯವರೆಗೂ ಹರಿಯಿತು. ಆರು, ಎಲ್ಲಕ್ಕಿಂತ ದೊಡ್ಡದು, ಹೊತ್ತಿಗೆ ಸರಿಯಾಗಿ ಹಣ ಕೊಡುವುದು. ದೊಡ್ಡ ಗುತ್ತಿಗೆದಾರನ ಬಿಲ್ಲು ಆರು ತಿಂಗಳು ತಡವಾದರೆ ಅವನಿಗೆ ಬೇಸರವಾಗುತ್ತದೆ. ಸಣ್ಣವನ ಬಿಲ್ಲು ಆರು ತಿಂಗಳು ತಡವಾದರೆ ಅವನ ಹೆಂಡತಿಯ ಬಂಗಾರ ಅಡವಿಗೆ ಹೋಗುತ್ತದೆ.

ಲೆಕ್ಕವನ್ನೂ ಮರೆಯಬಾರದು. ವರ್ಜೀನಿಯಾದ ರಿಚ್‌ಮಂಡ್ ನಗರ ತನ್ನ ಕಾಮಗಾರಿಗಳಲ್ಲಿ ನೂರಕ್ಕೆ 30 ಪಾಲು ಅಲ್ಪಸಂಖ್ಯಾತರಿಗೆ ಉಪಗುತ್ತಿಗೆ ಕೊಡಬೇಕೆಂದು ನಿಯಮ ಮಾಡಿತು. ಆ ಊರಿನ ಜನಸಂಖ್ಯೆಯಲ್ಲಿ ಅರ್ಧದಷ್ಟು ಕಪ್ಪು ಜನ, ನೇರ ಗುತ್ತಿಗೆಗಳಲ್ಲಿ ಅಲ್ಪಸಂಖ್ಯಾತರ ಪಾಲು ಶೇಕಡಾ 0.67. ಆದರೂ 1989ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ಆ ನಿಯಮವನ್ನು ಹೊಡೆದುಹಾಕಿತು. ಜನಸಂಖ್ಯೆಯ ಹೋಲಿಕೆ ಸಾಲದು, ಈ ಊರಿನ ಈ ಉದ್ಯಮದಲ್ಲಿ ತಾರತಮ್ಯ ನಡೆದಿದೆ ಎಂದು ಆಧಾರ ಸಹಿತ ತೋರಿಸಿ ಎಂದಿತು. ಅಲ್ಲಿಂದ ಮುಂದೆ ನಗರಗಳು ಕೆಲಸ ಮಾಡಬಲ್ಲವರು ಎಷ್ಟು ಜನ, ಕೆಲಸ ಸಿಕ್ಕಿದ್ದು ಎಷ್ಟು ಜನಕ್ಕೆ ಎಂದು ಅಧ್ಯಯನ ಮಾಡಿಸತೊಡಗಿದವು. ನಮ್ಮ ಇಲಾಖೆಯಲ್ಲಿ ಒಂದು ಮಾತಿದೆ: ಅಳತೆ ಪುಸ್ತಕದಲ್ಲಿ ಬರೆಯದ ಕೆಲಸಕ್ಕೆ ಬಿಲ್ಲಿಲ್ಲ. ಅನ್ಯಾಯಕ್ಕೂ ಅದೇ ಮಾತು ಅನ್ವಯಿಸುತ್ತದೆ. ಅಳೆದು ಬರೆಯದ ಅನ್ಯಾಯಕ್ಕೆ ಪರಿಹಾರ ಸಿಗುವುದಿಲ್ಲ.

ಈಗ ಅಲ್ಲಿಯ ಗಾಳಿ ತಿರುಗಿದೆ. 2025ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪ್, ಸರ್ಕಾರಿ ಗುತ್ತಿಗೆದಾರರು ಉದ್ಯೋಗದಲ್ಲಿ ಸಮಾನ ಅವಕಾಶಕ್ಕಾಗಿ ಕ್ರಮ ಕೈಗೊಳ್ಳಬೇಕೆಂದು 1965ರಿಂದ ಇದ್ದ ಆದೇಶವನ್ನು ರದ್ದುಮಾಡಿದರು. ಖಾಸಗಿ ಕಂಪನಿಗಳ ಮೇಲೂ ಒತ್ತಡ ಬಂತು. ಹಲವು ಕಂಪನಿಗಳು ಇಂಥ ಕಾರ್ಯಕ್ರಮಗಳನ್ನು ಕಡಿಮೆ ಮಾಡಿದವು, ಕೆಲವು ಹೆಸರು ಬದಲಿಸಿದವು. ಆದೇಶದ ಭಯಕ್ಕೆ ಕೊಂಡವರು ಆದೇಶ ಹೋದೊಡನೆ ಬಿಡುತ್ತಾರೆ. ಸರಕಿನ ಬೆಲೆ, ಗುಣ ಕಂಡು ಸಂಬಂಧ ಬೆಳೆಸಿದವರು ಬಿಡಲು ಕಾರಣವಿಲ್ಲ. ನಾವು ಇದರಿಂದ ಕಲಿಯಬೇಕಾದ ಪಾಠ ಅದೇ.

ಅಲ್ಲಿ ಪಡೆಯುವವರು, ಇಲ್ಲಿ ಕೊಡಬೇಕಾದವರು

ಈಗ ಸ್ವಲ್ಪ ಕಹಿಯಾದ ಮಾತಿಗೆ ಬರುತ್ತೇನೆ. 1982ರಲ್ಲಿ ಅಮೆರಿಕ ಸರ್ಕಾರದ ಸಣ್ಣ ಉದ್ದಿಮೆಗಳ ಇಲಾಖೆ ಭಾರತೀಯ ಮೂಲದವರನ್ನೂ ಈ ಸೌಲಭ್ಯದ ಪಟ್ಟಿಗೆ ಸೇರಿಸಿತು. ತಾನಾಗಿ ಸೇರಿಸಲಿಲ್ಲ, ನಮ್ಮವರ ಸಂಘಟನೆ ಅರ್ಜಿ ಹಾಕಿ ಕೇಳಿದ್ದರಿಂದ ಸೇರಿಸಿತು. ಅಲ್ಲಿ ಸಾಫ್ಟ್‌ವೇರ್, ಎಂಜಿನಿಯರಿಂಗ್ ಕಂಪನಿ ನಡೆಸುವ ಭಾರತೀಯರು ಅಲ್ಪಸಂಖ್ಯಾತ ಪ್ರಮಾಣಪತ್ರ ಪಡೆಯಬಹುದು, ಅದರ ಮೇಲೆ ಕೆಲಸ ಹಿಡಿಯಬಹುದು. ಇದರಲ್ಲಿ ತಪ್ಪೇನಿಲ್ಲ, ಕಾನೂನು ಕೊಟ್ಟ ಹಕ್ಕು. ಆದರೆ ಅಲ್ಲಿ ಆ ಹಕ್ಕು ನ್ಯಾಯವಾಗಿ ಕಂಡರೆ, ಊರಿನಲ್ಲಿ ಒಬ್ಬ ದಲಿತ ಗುತ್ತಿಗೆದಾರನಿಗೆ ಮೀಸಲಾದ ಕೆಲಸ ಸಿಕ್ಕಾಗ ಮಾತ್ರ ‘ಪ್ರತಿಭೆಗೆ ಅನ್ಯಾಯ’ ಎನ್ನುವುದು ಹೇಗೆ? ಒಂದೇ ಮನೆಯಲ್ಲಿ ಈ ಎರಡು ಮಾತು ಒಟ್ಟಿಗೆ ಇರಲಾರವು.

ಅಮೆರಿಕದ ಈ ಪ್ರಯೋಗವನ್ನು ನಮ್ಮ ದಲಿತ ಚಿಂತಕರು ಬಹಳ ಹಿಂದೆಯೇ ಗಮನಿಸಿದ್ದರು. 2002ರ ಜನವರಿಯಲ್ಲಿ ಭೋಪಾಲದಲ್ಲಿ ಸೇರಿದ ಸಮಾವೇಶದ ಘೋಷಣೆಯಲ್ಲಿ ಸರ್ಕಾರ ಮತ್ತು ಖಾಸಗಿ ಸಂಸ್ಥೆಗಳು ಸರಬರಾಜುದಾರರಲ್ಲೂ ವೈವಿಧ್ಯ ತರಬೇಕೆಂಬ ಬೇಡಿಕೆ ಇತ್ತು. 2005ರಲ್ಲಿ ಪುಣೆಯ ಮಿಲಿಂದ್ ಕಾಂಬ್ಳೆ ದಲಿತ ಉದ್ಯಮಿಗಳ ವಾಣಿಜ್ಯ ಮತ್ತು ಕೈಗಾರಿಕಾ ಮಹಾಮಂಡಳವನ್ನು ಕಟ್ಟಿದರು. ಅವರು ಸಿವಿಲ್ ಎಂಜಿನಿಯರಿಂಗ್ ಓದಿ ಗುತ್ತಿಗೆದಾರರಾದವರು, ಹಾಗಾಗಿ ನಾನು ಹೇಳಿದ ಬೀಗಗಳೆಲ್ಲ ಅವರಿಗೆ ಗೊತ್ತು. 2012ರಲ್ಲಿ ಕೇಂದ್ರ ಸರ್ಕಾರ ತನ್ನ ಇಲಾಖೆಗಳೂ ಉದ್ದಿಮೆಗಳೂ ವರ್ಷದ ಖರೀದಿಯಲ್ಲಿ ಶೇಕಡಾ 20ನ್ನು ಅತಿಸಣ್ಣ, ಸಣ್ಣ ಉದ್ದಿಮೆಗಳಿಂದ ಮಾಡಬೇಕು, ಅದರೊಳಗೆ ಒಟ್ಟು ಖರೀದಿಯ ಶೇಕಡಾ 4 ಪರಿಶಿಷ್ಟ ಜಾತಿ ಮತ್ತು ಪಂಗಡದವರ ಉದ್ದಿಮೆಗಳಿಂದ ಆಗಬೇಕು ಎಂದು ಆದೇಶಿಸಿತು. 2018ರಲ್ಲಿ 20 ಎಂಬುದು 25 ಆಯಿತು, ಮಹಿಳೆಯರ ಉದ್ದಿಮೆಗಳಿಗೆ ಶೇಕಡಾ 3 ಸೇರಿತು. ಇ.ಎಂ.ಡಿ.ಯಿಂದ ವಿನಾಯಿತಿಯೂ ಇದೆ. ಆದರೂ ಒಟ್ಟು ಗುರಿ ಮುಟ್ಟಿದ ವರ್ಷಗಳಲ್ಲಿ ಸಹ ಆ 4ರ ಗುರಿ ದೂರವೇ ಉಳಿದಿದೆ. ನಮ್ಮ ರಾಜ್ಯವೂ ಹಿಂದೆ ಬಿದ್ದಿಲ್ಲ. ಸರ್ಕಾರಿ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇಕಡಾ 17.15, ಪಂಗಡಕ್ಕೆ 6.95 ಮೀಸಲು ಎಂದು ಟೆಂಡರ್ ಪಾರದರ್ಶಕ ಕಾಯ್ದೆಗೆ ತಿದ್ದುಪಡಿ ಮಾಡಿತು. ಮೊದಲು 50 ಲಕ್ಷದವರೆಗಿನ ಕೆಲಸಗಳಿಗೆ ಇದ್ದ ಮಿತಿಯನ್ನು 2023ರಲ್ಲಿ ಒಂದು ಕೋಟಿಗೆ ಏರಿಸಿತು. ಸರಬರಾಜು ಮಾಡಿದ ಸಣ್ಣ ಉದ್ದಿಮೆಗೆ 45 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ ಕೊಡಬೇಕು ಎಂದು 2006ರ ಕಾಯ್ದೆಯೇ ಹೇಳುತ್ತದೆ. ಆದರೆ ಮುಂದಿನ ಆರ್ಡರ್ ತಪ್ಪಿಹೋಗುತ್ತದೆಂಬ ಅಂಜಿಕೆಯಿಂದ ಬಡ್ಡಿ ಕೇಳುವ ಧೈರ್ಯ ಸಣ್ಣವನಿಗೆ ಇರುವುದಿಲ್ಲ. ಆದೇಶಗಳಿಗೆ ಕೊರತೆಯಿಲ್ಲ. ಕೊರತೆ ಇರುವುದು ಸಂಬಂಧದಲ್ಲಿ.

ನಮ್ಮ ಖರೀದಿ ಪುಸ್ತಕ

‘ಇದೆಲ್ಲ ಸರ್ಕಾರದ್ದು, ಕಂಪನಿಗಳದ್ದು, ನಮಗೇನು?’ ಎಂದು ಯಾರಾದರೂ ಕೇಳಬಹುದು. ನಾವೂ ದೊಡ್ಡ ಕೊಳ್ಳುವವರೇ. ನಮ್ಮ ಸಮಾಜದವರು ನಡೆಸುವ ಸಕ್ಕರೆ ಕಾರ್ಖಾನೆಗಳು, ಗಿರಣಿಗಳು, ಕಟ್ಟಡ ಕಂಪನಿಗಳು, ಸಹಕಾರಿ ಬ್ಯಾಂಕುಗಳು ಎಷ್ಟಿವೆ! ಮಠಗಳ ವಿದ್ಯಾಸಂಸ್ಥೆಗಳು, ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳು, ಉಚಿತ ಪ್ರಸಾದನಿಲಯಗಳು ಎಷ್ಟಿವೆ! ವರ್ಷಕ್ಕೆ ಎಷ್ಟು ಅಕ್ಕಿ, ಬೇಳೆ, ಸಮವಸ್ತ್ರದ ಬಟ್ಟೆ, ಬೆಂಚು, ಸಿಮೆಂಟು, ಕಬ್ಬಿಣ, ಮುದ್ರಣ, ವಾಹನ ಬಾಡಿಗೆ ಬೇಕಾಗುತ್ತದೆ? ಇಷ್ಟೂ ಖರೀದಿ ಯಾರಿಂದ ಆಗುತ್ತಿದೆ? ಪ್ರಸಾದದ ಪಂಕ್ತಿಯಲ್ಲಿ ಎಲ್ಲರಿಗೂ ಜಾಗವಿದೆ. ಆ ಪ್ರಸಾದದ ಅಕ್ಕಿ ತರುವವರ ಪಟ್ಟಿಯಲ್ಲಿ ಎಲ್ಲರಿಗೂ ಜಾಗವಿದೆಯೇ? ಹೆಚ್ಚಿನ ಕಡೆ ಉತ್ತರ ‘ಪರಿಚಯದವರು’ ಎಂದೇ. ಪರಿಚಯ ಕೆಟ್ಟದ್ದಲ್ಲ, ಆದರೆ ನಮ್ಮ ಪರಿಚಯದ ವಲಯ ನಮ್ಮ ಬಳಗದ ಗೆರೆ ದಾಟುತ್ತಿಲ್ಲವಾದರೆ, ನಾವು ಬರೆಯದೆಯೇ ಒಂದು ಟೆಂಡರ್ ಷರತ್ತು ಹಾಕಿದಂತೆ.

ಹಾಗಾಗಿ ನಮ್ಮ ಸಂಸ್ಥೆಗಳ ಆಡಳಿತ ಮಂಡಳಿಗಳ ಮುಂದೆ ಕೆಲವು ಸಲಹೆ ಇಡುತ್ತೇನೆ. ಮೊದಲು ಕಳೆದ ಮೂರು ವರ್ಷದ ಖರೀದಿ ಪುಸ್ತಕ ತೆಗೆದು, ಯಾರಿಂದ ಎಷ್ಟು ಕೊಂಡೆವು ಎಂದು ಒಂದು ಪಟ್ಟಿ ಮಾಡಿ. ಸುತ್ತಲಿನ ದಲಿತ, ಹಿಂದುಳಿದ, ಮುಸ್ಲಿಂ, ಮಹಿಳಾ ಉದ್ಯಮಿಗಳು ಯಾರು ಯಾರು ಏನೇನು ತಯಾರಿಸುತ್ತಾರೆ ಎಂದು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ. ಒಂದೆರಡು ಬಾಬತ್ತುಗಳನ್ನು ಆರಿಸಿ, ಸಣ್ಣ ಭಾಗಗಳಾಗಿ ಮಾಡಿ, ಅವರನ್ನು ಕರೆಯಿರಿ. ಕಟ್ಟಡ ಕಟ್ಟಿಸುವಾಗ ದೊಡ್ಡ ಗುತ್ತಿಗೆದಾರನಿಗೆ ‘ಇವರನ್ನು ಪಾಲುದಾರರಾಗಿ ಸೇರಿಸಿಕೊಳ್ಳಿ, ಮುಗಿದ ಮೇಲೆ ಅನುಭವ ಪ್ರಮಾಣಪತ್ರ ಅವರ ಹೆಸರಿಗೂ ಕೊಡುತ್ತೇವೆ’ ಎಂದು ಹೇಳಿ. ಬಿಲ್ಲನ್ನು ತಿಂಗಳೊಳಗೆ ತೀರಿಸಿ. ಮತ್ತೆ ಮರುವರ್ಷ ಅವರನ್ನೇ ಕರೆಯಿರಿ, ಒಂದು ವರ್ಷದ ಕೆಲಸ ಉಪಕಾರ ಅನಿಸುತ್ತದೆ, ಐದು ವರ್ಷದ ಕೆಲಸ ಮಾತ್ರ ವ್ಯವಹಾರ ಅನಿಸುತ್ತದೆ. ಅವರಿಗೆ ಬೇಕಾಗಿರುವುದು ವ್ಯವಹಾರ.

ಗುಣಮಟ್ಟ ಕೆಡುವುದಿಲ್ಲವೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಗುಣಮಟ್ಟವನ್ನು ನಾವು ಎಂದೂ ಮನುಷ್ಯನ ಹೆಸರಿನಿಂದ ಅಳೆದಿಲ್ಲ. ಕಾಂಕ್ರೀಟಿನ ಕ್ಯೂಬ್ ಹಾಕಿ, 28 ದಿನ ನೀರುಣಿಸಿ, ಯಂತ್ರದಲ್ಲಿಟ್ಟು ಒಡೆಯುತ್ತೇವೆ. ಎಷ್ಟು ಭಾರಕ್ಕೆ ಒಡೆಯಿತು ಎಂದು ಮುಳ್ಳು ತೋರಿಸುತ್ತದೆ. ಆ ಯಂತ್ರಕ್ಕೆ ಗುತ್ತಿಗೆದಾರನ ಜಾತಿ ಗೊತ್ತಿರುವುದಿಲ್ಲ. ಅಳತೆಯಲ್ಲಿ ಯಾರಿಗೂ ರಿಯಾಯಿತಿ ಬೇಡ, ಅಕ್ಕಿಗೂ ಬೇಡ, ಸಿಮೆಂಟಿಗೂ ಬೇಡ. ರಿಯಾಯಿತಿ ಬೇಕಾಗಿರುವುದು ಒಳಗೆ ಬರುವ ಬಾಗಿಲಲ್ಲಿ ಮಾತ್ರ. ಅಲ್ಲಿ ಬರಲು ಬಿಟ್ಟ ಮೇಲೆ ಅಳತೆ ಎಲ್ಲರಿಗೂ ಒಂದೇ.

ಹನ್ನೆರಡನೆಯ ಶತಮಾನದ ಶರಣರು ಕಾಯಕಗಳಲ್ಲಿ ಮೇಲುಕೀಳಿಲ್ಲ ಎಂದು ಸಾರಿದರು. ಕಾಯಕ ಮಾಡುವವರಿಗೆ ಗೌರವ ಕೊಡುವುದನ್ನು ನಾವು ಭಾಷಣದಲ್ಲಿ ಕಲಿತಿದ್ದೇವೆ. ಆರ್ಡರ್ ಕೊಡುವುದನ್ನು ಇನ್ನು ಕಲಿಯಬೇಕು. ಈ ಗೋಷ್ಠಿಗೆ ಬಂದಿರುವ ಸಂಸ್ಥೆಗಳ ಕಾರ್ಯದರ್ಶಿಗಳು ಬರುವ ಏಪ್ರಿಲ್‌ನಲ್ಲಿ ಹೊಸ ವರ್ಷದ ಖರೀದಿ ಪಟ್ಟಿ ಬರೆಯುವಾಗ ಒಬ್ಬನಾದರೂ ಹೊಸ ಸರಬರಾಜುದಾರನ ಹೆಸರು ಸೇರಿಸಲಿ. ಅಳತೆ, ನಕ್ಷೆ, ಟೆಂಡರ್ ಕಾಗದದ ವಿಷಯದಲ್ಲಿ ನನ್ನಿಂದ ಏನು ಸಹಾಯ ಬೇಕಾದರೂ ನಿವೃತ್ತನಾದ ನನಗೆ ಈಗ ಸಮಯವಿದೆ, ಕರೆದರೆ ಬರುತ್ತೇನೆ.